ಸುತ್ತು ಒಂದೇ, ಓಟ ಬೇರೆ

ಸುಗ್ಗಿಯ ಕಾಲದಲ್ಲಿ ಜೋಳದ ಕಣದಲ್ಲಿ ಹಂತಿ ಹೊಡೆಯುವುದನ್ನು ಕಂಡವರು ಇಂದಿಗೂ ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಕಣದ ನಟ್ಟನಡುವೆ ಒಂದು ಮೇಟಿ. ಅದಕ್ಕೆ ಸಾಲಾಗಿ ಕಟ್ಟಿದ ನಾಲ್ಕೋ ಐದೋ ಎತ್ತುಗಳು. ಹರಡಿದ ತೆನೆಗಳನ್ನು ತುಳಿಯುತ್ತ ಅವು ಮೇಟಿಯ ಸುತ್ತ ತಿರುಗುತ್ತಿದ್ದರೆ, ಹಿಂದಿನಿಂದ ಹಂತಿಯ ಪದ ಹೇಳುತ್ತ ಬರುವ ರೈತ. ಒಕ್ಕುವ ಯಂತ್ರಗಳು ಬಂದ ಮೇಲೆ ಈ ನೋಟ ಅಪರೂಪವಾಯಿತು.

ನಾನು ಸಣ್ಣವನಿದ್ದಾಗ ನಮ್ಮ ಅಜ್ಜ ಎತ್ತುಗಳನ್ನು ಕಟ್ಟುವ ಕ್ರಮವನ್ನು ನೋಡಿದ್ದೇನೆ. ವಯಸ್ಸಾದ ಎತ್ತನ್ನು ಮೇಟಿಯ ಪಕ್ಕಕ್ಕೆ ಕಟ್ಟುತ್ತಿದ್ದ. ಕಸುವುಳ್ಳ ಹೋರಿಯನ್ನು ಎಲ್ಲಕ್ಕಿಂತ ಹೊರಗೆ. ಏಕೆಂದು ಕೇಳಿದರೆ, "ಮುದುಕಗ ಒಳಗಿನ ದಾರಿ, ಹುಡುಗಗ ಹೊರಗಿನ ದಾರಿ" ಎಂದು ನಗುತ್ತಿದ್ದ. ಒಳಗಿನ ಎತ್ತು ನಿಂತಲ್ಲೇ ಹೆಜ್ಜೆ ಹಾಕಿದಂತೆ ತಿರುಗಿದರೆ ಸಾಕು. ಹೊರಗಿನದು ಬೀಸುಗಾಲು ಹಾಕಬೇಕು, ಇಲ್ಲದಿದ್ದರೆ ಸಾಲು ಮುರಿಯುತ್ತದೆ. ಎಲ್ಲವೂ ಒಟ್ಟಿಗೆ ಒಂದು ಸುತ್ತು ಮುಗಿಸುತ್ತವೆ, ಆದರೆ ನಡೆಯುವ ದಾರಿ ಮಾತ್ರ ಒಂದೇ ಅಲ್ಲ.

ಶಾಲೆಯ ಮೆಟ್ಟಿಲು ಹತ್ತದ ಅಜ್ಜನಿಗೆ ಗೊತ್ತಿದ್ದ ಈ ಸಂಗತಿಯನ್ನು ನಾವು ತರಗತಿಯಲ್ಲಿ ಸೂತ್ರ ಬರೆದು ಕಲಿಸುತ್ತೇವೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಲೆಕ್ಕ ಬಿಡಿಸುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಆದರೆ ಅರ್ಥವಾಗಿದೆಯೇ?

ಒಂದು ಪದ, ಎರಡು ಅರ್ಥ

ಪಾಠ ಮುಗಿದ ಮೇಲೆ ನಾನು ಪ್ರತಿವರ್ಷ ಒಂದು ಪ್ರಶ್ನೆ ಕೇಳುತ್ತೇನೆ. "ಜಾತ್ರೆಯಲ್ಲಿ ತಿರುಗುವ ಕುದುರೆಗಳ ಮೇಲೆ ಅಣ್ಣ ಹೊರಸಾಲಿನಲ್ಲಿ ಕುಳಿತಿದ್ದಾನೆ, ತಂಗಿ ಒಳಸಾಲಿನಲ್ಲಿ. ಯಾರ ವೇಗ ಹೆಚ್ಚು?" ತರಗತಿಯ ಬಹುಪಾಲು ಕೈಗಳು ಮೇಲೇಳುತ್ತವೆ. "ಇಬ್ಬರದೂ ಒಂದೇ, ಸರ್. ಇಬ್ಬರೂ ಒಟ್ಟಿಗೇ ಸುತ್ತು ಮುಗಿಸುತ್ತಾರಲ್ಲ!"

ಇದು ದಡ್ಡ ಉತ್ತರವಲ್ಲ. ಅರ್ಧ ಸರಿಯಾದ ಉತ್ತರ. ತಪ್ಪಿರುವುದು 'ವೇಗ' ಎಂಬ ಪದವನ್ನು ನಾವು ಬಳಸುವ ರೀತಿಯಲ್ಲಿ. ಫ್ಯಾನು ವೇಗವಾಗಿ ತಿರುಗುತ್ತಿದೆ ಎಂದರೆ ನಿಮಿಷಕ್ಕೆ ಹೆಚ್ಚು ಸುತ್ತು ಹಾಕುತ್ತಿದೆ ಎಂದರ್ಥ. ಬಸ್ಸು ವೇಗವಾಗಿ ಹೋಗುತ್ತಿದೆ ಎಂದರೆ ಗಂಟೆಗೆ ಹೆಚ್ಚು ಕಿಲೋಮೀಟರ್ ಕ್ರಮಿಸುತ್ತಿದೆ ಎಂದರ್ಥ. ಒಂದು ಸುತ್ತಿನ ಲೆಕ್ಕ, ಇನ್ನೊಂದು ದೂರದ ಲೆಕ್ಕ. ಮೊದಲನೆಯದಕ್ಕೆ ಭೌತವಿಜ್ಞಾನದಲ್ಲಿ ಕೋನೀಯ ವೇಗ ಎಂದು ಹೆಸರು. ಎರಡನೆಯದು ರೇಖೀಯ ವೇಗ. (ದಿಕ್ಕನ್ನು ಬಿಟ್ಟು ಬರಿಯ ಪ್ರಮಾಣವನ್ನಷ್ಟೇ ಹೇಳುವಾಗ ಪಠ್ಯಪುಸ್ತಕ 'ಜವ' ಎನ್ನುತ್ತದೆ. ಇಲ್ಲಿ ಆಡುಮಾತಿನಂತೆ ವೇಗವೆಂದೇ ಕರೆಯೋಣ.)

ಅಣ್ಣ ತಂಗಿಯರ ಕೋನೀಯ ವೇಗ ಒಂದೇ. ರೇಖೀಯ ವೇಗ ಅಣ್ಣನದು ಹೆಚ್ಚು. ಅವನ ಕುದುರೆ ತಂಗಿಯ ಕುದುರೆಗಿಂತ ಕೇಂದ್ರದಿಂದ ಎರಡರಷ್ಟು ದೂರದಲ್ಲಿದ್ದರೆ ಅವನ ವೇಗವೂ ಸರಿಯಾಗಿ ಎರಡರಷ್ಟು.

ಹಗ್ಗ ಹಿಡಿದು ಕಲಿತ ಪಾಠ

ಕಪ್ಪುಹಲಗೆಯ ಮೇಲೆ ಎಷ್ಟು ಬರೆದರೂ ಒಪ್ಪದ ಮಕ್ಕಳನ್ನು ನಾನು ಮೈದಾನಕ್ಕೆ ಕರೆದೊಯ್ಯುತ್ತೇನೆ. ನೆಲದಲ್ಲಿ ಒಂದು ಗೂಟ, ಅದಕ್ಕೆ ಸಡಿಲವಾಗಿ ಕಟ್ಟಿದ ಒಂದು ಉದ್ದನೆಯ ಹಗ್ಗ. ಗೂಟದಿಂದ ಒಂದೊಂದು ಮೀಟರಿಗೆ ಒಬ್ಬರಂತೆ ಎಂಟು ಮಕ್ಕಳು ಹಗ್ಗ ಹಿಡಿದು ನಿಲ್ಲಬೇಕು. ಹಗ್ಗ ಎಲ್ಲಿಯೂ ಬಾಗಬಾರದು. 20 ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಯಬೇಕು.

ಸುತ್ತು ಆರಂಭವಾದ ಕೂಡಲೇ ನಗು ಏಳುತ್ತದೆ. ಗೂಟದ ಪಕ್ಕದವನು ಆಮೆಯಂತೆ ಹೆಜ್ಜೆ ಎಣಿಸುತ್ತಿರುತ್ತಾನೆ, ಎಂಟನೆಯವಳು ಓಡುತ್ತಿರುತ್ತಾಳೆ. ಲೆಕ್ಕ ಹಾಕಿ ನೋಡಿ. ಮೊದಲನೆಯವನ ಹಾದಿಯ ಸುತ್ತಳತೆ ಸುಮಾರು 6.3 ಮೀಟರ್. 20 ಸೆಕೆಂಡಿಗೆ ಅಷ್ಟು ದೂರವೆಂದರೆ ಸೆಕೆಂಡಿಗೆ 0.31 ಮೀಟರ್. ಎಂಟನೆಯವಳ ಸುತ್ತಳತೆ ಸುಮಾರು 50 ಮೀಟರ್. ಅವಳ ವೇಗ ಸೆಕೆಂಡಿಗೆ 2.5 ಮೀಟರ್. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಸಾಲು ತಿರುಗುವಾಗ ಒಳತುದಿಯವರು ನಿಂತಲ್ಲೇ ಕಾಲು ಕುಟ್ಟುವುದೂ, ಹೊರತುದಿಯವರು ಉದ್ದ ಹೆಜ್ಜೆ ಹಾಕುವುದೂ ಇದೇ ಕಾರಣಕ್ಕೆ.

ಈಗ ಸೂತ್ರ ತಾನಾಗಿಯೇ ಬರುತ್ತದೆ. ರೇಖೀಯ ವೇಗವು ತ್ರಿಜ್ಯವನ್ನೂ ಕೋನೀಯ ವೇಗವನ್ನೂ ಗುಣಿಸಿದಷ್ಟು. ಪಿಯುಸಿ ಮಕ್ಕಳು 'ವಿ ಈಕ್ವಲ್ ಟು ಆರ್ ಒಮೆಗಾ' ಎಂದು ರಾಗವಾಗಿ ಹೇಳುವುದು ಇದನ್ನೇ.

ಇಲ್ಲಿ ಕೋನವನ್ನು ಡಿಗ್ರಿಯಲ್ಲಿ ಅಳೆಯದೆ ರೇಡಿಯನ್‌ನಲ್ಲಿ ಏಕೆ ಅಳೆಯುತ್ತಾರೆ ಎಂದು ಹಲವರು ಕೇಳುತ್ತಾರೆ. ಒಂದು ತಟ್ಟೆಯನ್ನು ತೆಗೆದುಕೊಳ್ಳಿ. ಅದರ ತ್ರಿಜ್ಯದಷ್ಟೇ ಉದ್ದದ ದಾರವನ್ನು ಅಂಚಿನ ಮೇಲೆ ಬಾಗಿಸಿ ಇಡಿ. ಆ ದಾರದ ಎರಡು ತುದಿಗಳಿಂದ ಕೇಂದ್ರಕ್ಕೆ ಗೆರೆ ಎಳೆದರೆ ಉಂಟಾಗುವ ಕೋನವೇ ಒಂದು ರೇಡಿಯನ್, ಸುಮಾರು 57.3 ಡಿಗ್ರಿ. ಅಂದರೆ ಚಕ್ರ ಒಂದು ರೇಡಿಯನ್ ತಿರುಗಿದರೆ ಅಂಚಿನ ಬಿಂದು ಸರಿಯಾಗಿ ಒಂದು ತ್ರಿಜ್ಯದಷ್ಟು ದೂರ ಸಾಗಿರುತ್ತದೆ. ಎರಡು ರೇಡಿಯನ್ ತಿರುಗಿದರೆ ಎರಡು ತ್ರಿಜ್ಯದಷ್ಟು. ಪೂರ್ತಿ ಸುತ್ತಿಗೆ ಸುಮಾರು 6.28 ರೇಡಿಯನ್. ಕೋನವನ್ನೇ ತ್ರಿಜ್ಯದ ಅಳತೆಗೋಲಿನಿಂದ ಅಳೆದದ್ದರಿಂದ ಸೂತ್ರ ಇಷ್ಟು ಸರಳವಾಯಿತು.

ಮನೆಯ ಸೀಲಿಂಗ್ ಫ್ಯಾನಿಗೆ ಇದನ್ನು ಅನ್ವಯಿಸಿ. ಸಾಮಾನ್ಯ ಫ್ಯಾನಿನ ರೆಕ್ಕೆಗಳ ತುದಿ ಕೇಂದ್ರದಿಂದ 60 ಸೆಂಟಿಮೀಟರ್ ದೂರದಲ್ಲಿರುತ್ತದೆ. ಪೂರ್ತಿ ತಿರುಗಿಸಿದಾಗ ಅದು ನಿಮಿಷಕ್ಕೆ 380 ಸುತ್ತು ಹಾಕುತ್ತದೆ ಎಂದಿಟ್ಟುಕೊಳ್ಳೋಣ. ತುದಿಯ ವೇಗ ಸೆಕೆಂಡಿಗೆ ಸುಮಾರು 24 ಮೀಟರ್, ಅಂದರೆ ಗಂಟೆಗೆ 86 ಕಿಲೋಮೀಟರ್! ಕೇಂದ್ರದಿಂದ 15 ಸೆಂಟಿಮೀಟರ್ ದೂರದ ಬಿಂದುವಿನ ವೇಗ ಅದರ ಕಾಲುಭಾಗ ಮಾತ್ರ. ಮಗುವನ್ನು ಎತ್ತಿ ಆಡಿಸುವಾಗ ತಲೆಯ ಮೇಲೆ ಫ್ಯಾನಿದೆಯೇ ಎಂದು ನೋಡಬೇಕೆನ್ನುವುದು ಬರಿಯ ಹಿರಿಯರ ಅಂಜಿಕೆಯಲ್ಲ.

ಅಚ್ಚು ಒಂದೋ, ಪಟ್ಟಿ ಒಂದೋ?

ಇಷ್ಟು ಹೇಳಿದ ಮೇಲೆ ಮಕ್ಕಳು ಇನ್ನೊಂದು ತಪ್ಪಿಗೆ ಜಾರುತ್ತಾರೆ. "ದೊಡ್ಡ ಚಕ್ರವೆಂದರೆ ಹೆಚ್ಚು ವೇಗ" ಎಂದು ಬರೆದುಕೊಂಡು ಬಿಡುತ್ತಾರೆ. ಹೊಲಿಗೆ ಯಂತ್ರವನ್ನು ನೋಡಿ. ಕೆಳಗೆ ದೊಡ್ಡ ಚಕ್ರ, ಮೇಲೆ ಸಣ್ಣ ಚಕ್ರ, ಎರಡಕ್ಕೂ ಒಂದೇ ಬೆಲ್ಟು. ಅಮ್ಮ ಪೆಡಲು ತುಳಿದಾಗ ಕೆಳಗಿನ ದೊಡ್ಡ ಚಕ್ರ ನಿಧಾನವಾಗಿ ತಿರುಗುತ್ತದೆ, ಮೇಲಿನ ಸಣ್ಣದು ಸರಸರನೆ ತಿರುಗುತ್ತದೆ. ಇಲ್ಲಿ ದೊಡ್ಡದೇ ನಿಧಾನವಲ್ಲವೇ?

ಇಲ್ಲಿ ವಿರೋಧವೇನೂ ಇಲ್ಲ. ಬೆಲ್ಟು ಜಾರದಿದ್ದರೆ ಅದರ ಪ್ರತಿಯೊಂದು ಭಾಗವೂ ಒಂದೇ ವೇಗದಲ್ಲಿ ಚಲಿಸುತ್ತದೆ. ಹಾಗಾಗಿ ಬೆಲ್ಟು ಕುಳಿತಿರುವ ಎರಡೂ ಅಂಚುಗಳ ರೇಖೀಯ ವೇಗ ಒಂದೇ ಇರಲೇಬೇಕು. ಸಣ್ಣ ಚಕ್ರದ ಸುತ್ತಳತೆ ಕಡಿಮೆ. ಅಷ್ಟೇ ಬೆಲ್ಟನ್ನು ಸಾಗಿಸಲು ಅದು ಹೆಚ್ಚು ಸುತ್ತು ಹಾಕಬೇಕು.

ಸೈಕಲ್ಲಿನ ಚೈನು ಮಾಡುವುದೂ ಇದನ್ನೇ. ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲಿನ ಒಂದು ಸುತ್ತಿಗೆ ಹಿಂದಿನದು 2.67 ಸುತ್ತು ತಿರುಗುತ್ತದೆ. ಫ್ರೀವೀಲು ಮತ್ತು ಹಿಂದಿನ ಗಾಲಿ ಒಂದೇ ಅಚ್ಚಿನ ಮೇಲಿವೆ. ತುಳಿಯುವಾಗ ಎರಡರ ಸುತ್ತೂ ಒಂದೇ. ಆದರೆ ಗಾಲಿ ಎಷ್ಟೋ ಪಟ್ಟು ದೊಡ್ಡದು, ಆದ್ದರಿಂದ ಅದರ ಅಂಚಿನ ವೇಗ ಚೈನಿನ ವೇಗಕ್ಕಿಂತ ಬಹಳ ಹೆಚ್ಚು. ಗಾಲಿಯ ಸುತ್ತಳತೆ 2.2 ಮೀಟರ್ ಎಂದಾದರೆ ಒಮ್ಮೆ ಪೆಡಲು ಸುತ್ತಿದಾಗ ನೀವು ಸುಮಾರು 5.9 ಮೀಟರ್ ಮುಂದೆ ಹೋಗಿರುತ್ತೀರಿ.

ಆದ್ದರಿಂದ ಚಕ್ರದ ಯಾವುದೇ ಲೆಕ್ಕ ಬಂದರೂ ಸೂತ್ರಕ್ಕೆ ಕೈಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾವುದು ಒಂದೇ ಆಗಿದೆ? ಒಂದೇ ಅಚ್ಚಿನ ಮೇಲಿದ್ದರೆ ಸುತ್ತು ಒಂದೇ, ದೊಡ್ಡದರ ಅಂಚಿಗೆ ಹೆಚ್ಚು ಓಟ. ಒಂದೇ ಪಟ್ಟಿಗೆ ಸಿಕ್ಕಿದ್ದರೆ ಅಂಚಿನ ಓಟ ಒಂದೇ, ಸಣ್ಣದಕ್ಕೆ ಹೆಚ್ಚು ಸುತ್ತು. ಪರೀಕ್ಷೆಯಲ್ಲಿ ಕಳೆದುಕೊಳ್ಳುವ ಅಂಕಗಳಲ್ಲಿ ಬಹುಪಾಲು ಈ ಪ್ರಶ್ನೆಯನ್ನು ಕೇಳಿಕೊಳ್ಳದ್ದರಿಂದಲೇ ಹೋಗುತ್ತವೆ.

ಹಾಡಿನ ತಟ್ಟೆಗಳು

ಇವೆರಡೂ ಬಗೆಯನ್ನು ಹಾಡು ಕೇಳಿಸುವ ಎರಡು ತಟ್ಟೆಗಳಲ್ಲಿ ಕಾಣಬಹುದು. 12 ಇಂಚಿನ ಗ್ರಾಮಫೋನ್ ಎಲ್‌ಪಿ ತಟ್ಟೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡು. ಹೊರಗಿನ ಗೀರಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಸಾಗುತ್ತದೆ. ಒಳಗಿನ ಕೊನೆಯ ಗೀರಿಗೆ ಬಂದಾಗ 21 ಸೆಂಟಿಮೀಟರ್ ಮಾತ್ರ. ಅಷ್ಟೇ ಹೊತ್ತಿನ ಹಾಡನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ಕೊರೆಯಬೇಕು. ಆದ್ದರಿಂದಲೇ ತಟ್ಟೆಯ ಕೊನೆಯ ಹಾಡುಗಳಲ್ಲಿ ನಾದದ ಸ್ಪಷ್ಟತೆ ತುಸು ಕುಗ್ಗುತ್ತದೆ.

ಕಾಂಪ್ಯಾಕ್ಟ್ ಡಿಸ್ಕ್ ಮಾಡಿದವರು ಇದನ್ನು ತಿರುಗುಮುರುಗು ಮಾಡಿದರು. ಓದುವ ಲೇಸರ್ ಕಿರಣದಡಿ ಸಾಗುವ ವೇಗ ಒಂದೇ ಇರಲಿ, ಸುತ್ತು ಬೇಕಾದರೆ ಬದಲಾಗಲಿ ಎಂದರು. ಸಿಡಿಯನ್ನು ಓದುವುದು ಒಳಗಿನಿಂದ ಹೊರಕ್ಕೆ. ಒಳಗಿರುವಾಗ ಅದು ನಿಮಿಷಕ್ಕೆ ಸುಮಾರು 500 ಸುತ್ತು ತಿರುಗುತ್ತದೆ, ಹೊರ ಅಂಚಿಗೆ ಬರುವಷ್ಟರಲ್ಲಿ ಸುಮಾರು 200ಕ್ಕೆ ಇಳಿದಿರುತ್ತದೆ. ಸಾಗುವ ವೇಗ ಮಾತ್ರ ಉದ್ದಕ್ಕೂ ಸೆಕೆಂಡಿಗೆ 1.2ರಿಂದ 1.4 ಮೀಟರಿನ ನಡುವೆ ಒಂದೇ ಸಮನಿರುತ್ತದೆ. ಸಿಡಿ ಇಂದು ಬಹಳ ಮನೆಗಳಲ್ಲಿ ಮೂಲೆ ಸೇರಿದೆ. ಅದು ಹೇಳಿಕೊಟ್ಟ ಪಾಠ ಹಳೆಯದಾಗಿಲ್ಲ.

ನಾವೆಲ್ಲರೂ ಕೂತಿರುವ ಗಾಲಿ

ಎಲ್ಲಕ್ಕಿಂತ ದೊಡ್ಡ ತಿರುಗುವ ಕುದುರೆ ನಮ್ಮ ಭೂಮಿ. ಅದರ ಮೇಲಿರುವ ಎಲ್ಲ ಊರುಗಳೂ ಒಂದೇ ಅವಧಿಯಲ್ಲಿ ಒಂದು ಸುತ್ತು ಮುಗಿಸುತ್ತವೆ. ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ಅಳೆದರೆ ಆ ಅವಧಿ 23 ಗಂಟೆ 56 ನಿಮಿಷ 4 ಸೆಕೆಂಡು. ಆದರೆ ಇಲ್ಲಿ ತ್ರಿಜ್ಯವೆಂದರೆ ಭೂಕೇಂದ್ರದಿಂದ ಇರುವ ದೂರವಲ್ಲ, ಭೂಮಿಯ ಅಕ್ಷದಿಂದ ಇರುವ ದೂರ. ಅದು ಸಮಭಾಜಕ ವೃತ್ತದಲ್ಲಿ ಅತಿ ಹೆಚ್ಚು, ಧ್ರುವದಲ್ಲಿ ಸೊನ್ನೆ.

ಸಮಭಾಜಕ ವೃತ್ತದ ಸುತ್ತಳತೆ 40,075 ಕಿಲೋಮೀಟರ್. ಅಲ್ಲಿ ನಿಂತವನು ಸೆಕೆಂಡಿಗೆ 465 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿರುತ್ತಾನೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಬೆಂಗಳೂರಿನಲ್ಲಿ ಈ ವೇಗ 453 ಮೀಟರ್. ಲಂಡನ್ನಿನಲ್ಲಿ 289 ಮೀಟರ್. ಧ್ರುವದಲ್ಲಿ ನಿಂತವನು ಇದ್ದಲ್ಲೇ ತಿರುಗುತ್ತಾನೆ, ನಮ್ಮಜ್ಜನ ಕಣದ ಮೇಟಿಯ ಹಾಗೆ!

ಈ ವ್ಯತ್ಯಾಸ ಬರಿಯ ಕುತೂಹಲದ ಸಂಗತಿಯಲ್ಲ. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಉಪಗ್ರಹವೊಂದು ನಿಲ್ಲಬೇಕಾದರೆ ಅದಕ್ಕೆ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗ ಬೇಕು. ಶ್ರೀಹರಿಕೋಟದಿಂದ ರಾಕೆಟ್ಟನ್ನು ಪೂರ್ವಕ್ಕೆ ಹಾರಿಸಿದರೆ ಅದರಲ್ಲಿ ಸುಮಾರು 450 ಮೀಟರಿನಷ್ಟನ್ನು ಭೂಮಿಯೇ ಪುಕ್ಕಟೆಯಾಗಿ ಕೊಡುತ್ತದೆ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತ ರಾಕೆಟ್ ಬಂಗಾಳಕೊಲ್ಲಿಯ ಮೇಲೆ ಪೂರ್ವದತ್ತ ಸಾಗಿದ್ದು ಈ ಲಾಭವನ್ನು ಪಡೆದುಕೊಂಡೇ. ಧ್ರುವಗಳ ಮೇಲೆ ಹಾಯುವ ಕಕ್ಷೆಗೆ ಉಪಗ್ರಹವನ್ನು ಕಳಿಸುವಾಗ ಮಾತ್ರ ಈ ಕೊಡುಗೆ ಪ್ರಯೋಜನಕ್ಕೆ ಬರುವುದಿಲ್ಲ.

ಒಬ್ಬ ಹಳೆಯ ವಿದ್ಯಾರ್ಥಿ

ಇಷ್ಟೆಲ್ಲ ಬರೆಯಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಐಟಿಐ ಮುಗಿಸಿ ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಕೆನ್ನೆಯ ಮೇಲೆ ಹೊಲಿಗೆ ಹಾಕಿದ ಉದ್ದನೆಯ ಗಾಯ, ಕಣ್ಣಿನಿಂದ ಎರಡೇ ಬೆರಳು ಕೆಳಗೆ.

ಆದದ್ದು ಇಷ್ಟು. ಅಂಗಡಿಯಲ್ಲಿ ಕಬ್ಬಿಣ ಕತ್ತರಿಸುವ 4 ಇಂಚಿನ ಕೈಗ್ರೈಂಡರ್ ಇತ್ತು. ದಪ್ಪನೆಯ ಕೊಳವೆ ಕತ್ತರಿಸಲು ಆ ಬಿಲ್ಲೆ ಸಾಲುತ್ತಿರಲಿಲ್ಲ. ಮೇಲಿನ ಕವಚ ಬಿಚ್ಚಿ, ನಡುವಿನ ತೂತಿಗೆ ವಾಷರ್ ಹೊಂದಿಸಿ, 7 ಇಂಚಿನ ಬಿಲ್ಲೆ ತೊಡಿಸಿದ್ದರು. ಗುಂಡಿ ಒತ್ತಿ ಕೊಳವೆಗೆ ಮುಟ್ಟಿಸುವಷ್ಟರಲ್ಲಿ ಬಿಲ್ಲೆ ಸಿಡಿಯಿತು.

"ಮಷೀನು ಅದೇ ಐತಲ್ರೀ ಸರ, ಸ್ಪೀಡೂ ಅದೇ ಇರತೈತಿ ಅಂತ ತಿಳಕೊಂಡಿದ್ದೆ" ಎಂದ.

ನನಗೆ ಮಾತೇ ಹೊರಡಲಿಲ್ಲ. ಇದೇ ಹುಡುಗ ನನ್ನ ತರಗತಿಯಲ್ಲಿ ವೃತ್ತೀಯ ಚಲನೆಯ ಲೆಕ್ಕಗಳಿಗೆ ಪೂರ್ತಿ ಅಂಕ ಪಡೆದಿದ್ದ. ಸುತ್ತಳತೆಯನ್ನು ಕಾಲದಿಂದ ಭಾಗಿಸಲು ಅವನಿಗೆ ಬರುತ್ತಿತ್ತು. ಆದರೆ ಆ ಲೆಕ್ಕ ಕೈಯಲ್ಲಿರುವ ಬಿಲ್ಲೆಯದೂ ಹೌದು ಎಂದು ನಾನು ಹೇಳಿಕೊಟ್ಟಿರಲಿಲ್ಲ.

ಅಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅಂಥ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. 100 ಮಿಲಿಮೀಟರ್ ಬಿಲ್ಲೆಯ ಅಂಚಿನ ವೇಗ ಆಗ ಸೆಕೆಂಡಿಗೆ ಸುಮಾರು 58 ಮೀಟರ್. ಅದೇ ಯಂತ್ರಕ್ಕೆ 180 ಮಿಲಿಮೀಟರ್ ಬಿಲ್ಲೆ ತೊಡಿಸಿದರೆ 104 ಮೀಟರ್, ಅಂದರೆ ಗಂಟೆಗೆ 370 ಕಿಲೋಮೀಟರಿಗೂ ಮಿಕ್ಕು! ಇಂಥ ಬಿಲ್ಲೆಗಳ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಎಂಬ ಮಿತಿ ಮುದ್ರಿಸಿರುತ್ತದೆ. ಬಿಲ್ಲೆ ದೊಡ್ಡದಾದಷ್ಟೂ ಅದರ ಮೇಲೆ ಬರೆದಿರುವ ಗರಿಷ್ಠ ಸುತ್ತಿನ ಸಂಖ್ಯೆ ಕಡಿಮೆಯಾಗುವುದು ಈ ಮಿತಿಯನ್ನು ಕಾಯಲೆಂದೇ.

ಇನ್ನೂ ಒಂದು ಮಾತು. ತಿರುಗುವ ಬಿಲ್ಲೆಯನ್ನು ಒಳಗಿನಿಂದ ಸೀಳುವ ಎಳೆತ ಅಂಚಿನ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಮಿತಿಯ 1.3 ಪಟ್ಟಾದರೆ ಎಳೆತ ಸುಮಾರು 1.7 ಪಟ್ಟು. ಸಿಡಿದ ಚೂರು ಆ ಕ್ಷಣದಲ್ಲಿ ತನಗಿದ್ದ ವೇಗದಲ್ಲೇ, ವೃತ್ತದ ಸ್ಪರ್ಶಕದ ದಿಕ್ಕಿನಲ್ಲಿ ನೇರವಾಗಿ ಹಾರುತ್ತದೆ. ಬಿಲ್ಲೆ ತಿರುಗುವ ಸಮತಲದಲ್ಲಿ ಮುಖವಿದ್ದರೆ ಮುಖಕ್ಕೇ ಬೀಳುತ್ತದೆ. ಕವಚ ಬಿಚ್ಚಬಾರದು, ಬಿಲ್ಲೆಯ ನೇರಕ್ಕೆ ನಿಲ್ಲಬಾರದು, ಕಣ್ಣಿಗೆ ಕನ್ನಡಕವಿಲ್ಲದೆ ಗುಂಡಿ ಒತ್ತಬಾರದು ಎಂಬ ನಿಯಮಗಳೆಲ್ಲ ಇದರಿಂದಲೇ ಹುಟ್ಟಿದವು.

ಹುಡುಗ ಲೆಕ್ಕದ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಅಂಗಡಿಯ ಗೋಡೆಗೆ ಅಂಟಿಸುತ್ತೇನೆ ಎಂದ. ಅಂದಿನಿಂದ ನನ್ನ ತರಗತಿಯ ಪಾಠದಲ್ಲಿ ಆ ಬಿಲ್ಲೆಯೂ ಸೇರಿದೆ.

ಪಾಲಕರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು ಸೂತ್ರ ಒಪ್ಪಿಸಿದಾಗ "ಭೇಷ್" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಮನೆಯಲ್ಲಿರುವ ಒಂದು ಚಕ್ರವನ್ನು ತೋರಿಸಿ, "ಇಲ್ಲಿ ಯಾವುದು ಒಂದೇ, ಯಾವುದು ಬೇರೆ?" ಎಂದು ಕೇಳಿ. ಉತ್ತರ ನಿಮಗೆ ಗೊತ್ತಿರಬೇಕೆಂದೇನೂ ಇಲ್ಲ. ಒಟ್ಟಿಗೆ ಕೂತು ಅಳೆದರಾಯಿತು.

ಮಾಡಿ ನೋಡಿ

1. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹಿಂದಿನ ಗಾಲಿಯ ಒಂದು ಕಡ್ಡಿಗೆ ಅಚ್ಚಿನ ಹತ್ತಿರ ಒಂದು, ಅಂಚಿನ ಹತ್ತಿರ ಒಂದು ಬಣ್ಣದ ದಾರ ಕಟ್ಟಿ. ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿ. ಒಂದು ಸುತ್ತಿಗೆ ಹಿಡಿಯುವ ಸಮಯ ಎಣಿಸಿ, ಎರಡೂ ದಾರಗಳು ಅಚ್ಚಿನಿಂದ ಎಷ್ಟು ದೂರವಿವೆ ಎಂದು ಅಳೆದು, ಎರಡರ ವೇಗ ಲೆಕ್ಕ ಹಾಕಿ.

2. ಎರಡೂ ಹಲ್ಲುಚಕ್ರಗಳ ಹಲ್ಲು ಎಣಿಸಿ. ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಎಷ್ಟು ದೂರ ಹೋಗಬೇಕೆಂದು ಮೊದಲು ಲೆಕ್ಕ ಹಾಕಿ. ಆಮೇಲೆ ನೆಲದ ಮೇಲೆ ಸುಣ್ಣದ ಗುರುತು ಹಾಕಿ ಅಳೆದು ನೋಡಿ.

3. ಗಡಿಯಾರದ ನಿಮಿಷದ ಮುಳ್ಳಿನ ಉದ್ದ ಅಳೆದು, ಅದರ ತುದಿ ಗಂಟೆಗೆ ಎಷ್ಟು ಸೆಂಟಿಮೀಟರ್ ಸಾಗುತ್ತದೆ ಎಂದು ಕಂಡುಹಿಡಿಯಿರಿ. ಊರಿನ ಗಡಿಯಾರ ಗೋಪುರದ ಮುಳ್ಳಿನದೂ ಅಷ್ಟೇ ಇರುತ್ತದೆಯೇ?

4. ಹಂತಿ ಕಟ್ಟಿದ ಅಜ್ಜನೋ ಅಜ್ಜಿಯೋ ಮನೆಯಲ್ಲಿದ್ದರೆ, ಮೇಟಿಯ ಪಕ್ಕಕ್ಕೆ ಯಾವ ಎತ್ತನ್ನು ಕಟ್ಟುತ್ತಿದ್ದಿರಿ ಎಂದು ಕೇಳಿ. ಈ ಪಾಠದ ಅರ್ಧ ಅವರಿಂದಲೇ ಸಿಗುತ್ತದೆ.